ಮನೆ ಕಟ್ಟುವ ಕಸ ಎಲ್ಲಿಗೆ ಹೋಗಬೇಕು: ಮಂಗಳೂರು, ಉಡುಪಿಯ ಮನೆಮಾಲೀಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಹೊಸ ಮನೆಯ ಅಂಗಳದಲ್ಲಿ ತೆಂಗಿನ ಸಸಿ ನೆಡಲು ಗುಂಡಿ ತೋಡಿದವರನ್ನು ಕೇಳಿ ನೋಡಿ. ಒಂದೂವರೆ ಅಡಿ ಇಳಿಯುವಷ್ಟರಲ್ಲಿ ಹಾರೆಗೆ ಟೈಲ್ಸ್ ಚೂರು ತಾಗುತ್ತದೆ. ಆಮೇಲೆ ಸಿಮೆಂಟ್ ಚೀಲ, ಪಿವಿಸಿ ಪೈಪಿನ ತುಂಡು, ಕಲ್ಲಾಗಿ ಹೋದ ಗಾರೆಯ ಮುದ್ದೆ, ಬಣ್ಣದ ಡಬ್ಬಿ. ಒಕ್ಕಲಿನ ದಿನ ಅಂಗಳ ಚೊಕ್ಕವಾಗಿ ಕಂಡಿರುತ್ತದೆ, ಏಕೆಂದರೆ ಕಸದ ಮೇಲೆ ಎರಡು ಲೋಡು ಕೆಂಪುಮಣ್ಣು ಬಿದ್ದಿರುತ್ತದೆ.

ಇದಕ್ಕೆ ಕಂಟ್ರಾಕ್ಟರನ್ನು ಬೈದು ಪ್ರಯೋಜನ ಕಡಿಮೆ. ಎಸ್ಟಿಮೇಟಿನಲ್ಲಿ ಕಲ್ಲಿಗೆ, ಹೊಯಿಗೆಗೆ, ಕಬ್ಬಿಣಕ್ಕೆ, ಮೇಸ್ತ್ರಿಯ ಮಜೂರಿಗೆ ಲೆಕ್ಕ ಇರುತ್ತದೆ. ಕಸಕ್ಕೆ ಒಂದು ಸಾಲೂ ಇರುವುದಿಲ್ಲ. ದುಡ್ಡು ಗೊತ್ತುಮಾಡದ ಕೆಲಸವನ್ನು ಯಾರಾದರೂ ಅಗ್ಗದಲ್ಲೇ ಮುಗಿಸುತ್ತಾರೆ: ಹತ್ತಿರದ ಗುಂಡಿ, ಪಕ್ಕದ ಖಾಲಿ ಜಾಗ, ರಾತ್ರಿಯಾದರೆ ತೋಡು. ಹಾಗಾಗಿ ಈ ಬರಹದ ಮುಖ್ಯ ಮಾತು ಇಷ್ಟೇ: ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಮೊದಲೇ ಕಸದ ಮಾತನ್ನು ಕರಾರಿನಲ್ಲಿ ಬರೆಸಿ, ಪ್ರತಿ ಕಂತಿನ ಹಣಕ್ಕೂ ಅದನ್ನು ಗಂಟು ಹಾಕಿ. ಉಳಿದ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

ನಮ್ಮ ಊರಿನಲ್ಲಿ ಇದು ಯಾಕೆ ಹೆಚ್ಚು ಕಾಡುತ್ತದೆ

ಮೊದಲ ಕಾರಣ ಬಾವಿ. ಐದು ಸೆಂಟ್ಸ್ ಜಾಗದಲ್ಲೂ ಒಂದು ಬಾವಿ, ಪಕ್ಕದವರದ್ದು ಇನ್ನೊಂದು. ನಮ್ಮ ಮುರಕಲ್ಲಿನ ನೆಲ ತೂತುತೂತಾದದ್ದು, ಮೇಲೆ ಚೆಲ್ಲಿದ್ದು ಬೇಗ ಕೆಳಗಿಳಿಯುತ್ತದೆ. ಹಸಿ ಸಿಮೆಂಟಿನ ನೀರು ಕಟುವಾದ ಕ್ಷಾರ, ಅದರ ಪಿಎಚ್ 12ಕ್ಕಿಂತ ಮೇಲೆ. ಕೆಲಸದವರ ಕೈಕಾಲಿನ ಚರ್ಮ ಸುಡುವುದು ಇದರಿಂದಲೇ. ಹುಳಿ ಗುಣದ ನಮ್ಮ ಕೆಂಪುಮಣ್ಣಿಗೆ ಹೊಂದಿಕೊಂಡ ಗಿಡಗಳು ಅಂಥ ಜಾಗದಲ್ಲಿ ಏಳುವುದಿಲ್ಲ.

ಎರಡನೆಯದು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ನೀರಿಗೆ ಇಳಿಜಾರಿನಲ್ಲಿ ರಾಶಿ ಹಾಕಿದ ಮಣ್ಣು ನಿಲ್ಲುವುದಿಲ್ಲ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ರಸ್ತೆಗಳು ಹೊಳೆಯಾದದ್ದು, 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನೀರು ಹೋಗಬೇಕಾದ ತೋಡಿಗೆ, ರಾಜಕಾಲುವೆಗೆ ಕಲ್ಲುಮಣ್ಣು ಸುರಿದರೆ ಆ ನೀರು ಕೆಳಗಿನವರ ಮನೆಯೊಳಗೆ ಹೋಗುತ್ತದೆ.

ಮೂರನೆಯದು ಸೊಳ್ಳೆ. ಮಂಗಳೂರಿನ ಮಲೇರಿಯಾಕ್ಕೂ ಕಟ್ಟಡ ಕೆಲಸದ ಜಾಗಗಳಿಗೂ ಇರುವ ನಂಟು ಆರೋಗ್ಯ ಇಲಾಖೆಗೆ ಹೊಸದಲ್ಲ. ಎಸೆದ ಬಕೆಟ್, ಬಣ್ಣದ ಡಬ್ಬಿ, ಮಡಿಕೆಯಲ್ಲಿ ನೀರು ನಿಂತ ಟಾರ್ಪಾಲು, ಕ್ಯೂರಿಂಗಿಗೆ ತುಂಬಿಟ್ಟ ಡ್ರಮ್ಮು, ಎಲ್ಲದರಲ್ಲೂ ವಾರದೊಳಗೆ ಮರಿ ಆಗುತ್ತದೆ.

ಇನ್ನೊಂದು ವಿಷಯವನ್ನು ಮನೆ ಕಟ್ಟುವವರು ಯೋಚಿಸುವುದೇ ಅಪರೂಪ, ಅದು ಗೆದ್ದಲು. ಸೆಂಟ್ರಿಂಗ್ ಹಲಗೆಯ ಚೂರು, ಗೂಟ, ರೀಪಿನ ತುಂಡುಗಳನ್ನು ಪಂಚಾಂಗದ ಬದಿಯ ಮಣ್ಣಿನೊಳಗೆ ಬಿಟ್ಟರೆ ಗೆದ್ದಲಿಗೆ ಊಟ ಹಾಕಿ ಕರೆದ ಹಾಗೆ. ಗೆದ್ದಲು ಔಷಧಿ ಹೊಡೆಸುವ ಮೊದಲು ಮರದ ಚೂರು, ಬೇರು, ಕೊರಡು ಪೂರ್ತಿ ತೆಗೆಯಬೇಕು. ಔಷಧಿಗೆ ಸಾವಿರಗಟ್ಟಲೆ ಕೊಟ್ಟು ಮರದ ಚೂರು ಒಳಗೇ ಬಿಟ್ಟರೆ ಆ ದುಡ್ಡು ದಂಡ.

ಹಂತ 1: ಎಷ್ಟು ಕಸ ಬರುತ್ತದೆಂದು ಮೊದಲೇ ಲೆಕ್ಕ ಹಾಕಿ

ಕೇಂದ್ರ ಸರ್ಕಾರದ ತಂತ್ರಜ್ಞಾನ ಮಾಹಿತಿ ಸಂಸ್ಥೆ ಟಿಫಾಕ್ ಕೊಟ್ಟ ಅಂದಾಜು ಇಂದಿಗೂ ಬಳಕೆಯಲ್ಲಿದೆ. ಹೊಸದಾಗಿ ಕಟ್ಟುವಾಗ ಒಂದು ಚದರ ಮೀಟರಿಗೆ 40ರಿಂದ 60 ಕಿಲೋ ಕಸ. ಪಕ್ಕಾ ಕಟ್ಟಡ ಕೆಡವುವಾಗ ಚದರ ಮೀಟರಿಗೆ ಸುಮಾರು 500 ಕಿಲೋ, ಅರೆಪಕ್ಕಾ ಆದರೆ 300 ಕಿಲೋ. 1,200 ಚದರಡಿಯ ಮನೆ ಎಂದರೆ 111 ಚದರ ಮೀಟರ್. ಕಟ್ಟುವಾಗಿನ ಕಸ ನಾಲ್ಕೂವರೆಯಿಂದ ಆರೂಮುಕ್ಕಾಲು ಟನ್. ಅಷ್ಟೇ ದೊಡ್ಡ ಹಳೆ ಆರ್‌ಸಿಸಿ ಮನೆ ಕೆಡವಿ ಕಟ್ಟುವುದಾದರೆ ಇನ್ನೂ 55 ಟನ್ ಸೇರಿಸಿ. ಗುಡ್ಡೆ ಕಡಿದು ಸಮ ಮಾಡುವ ಜಾಗವಾದರೆ ಆ ಮಣ್ಣಿನದ್ದು ಬೇರೆಯೇ ಲೆಕ್ಕ.

ಈ ಅಂಕಿಯನ್ನು ಟನ್ನಿನಿಂದ ಲೋಡಿಗೆ ಇಳಿಸಿ, ಊರಿನ ಟಿಪ್ಪರ್ ಅಥವಾ ಪಿಕಪ್ ಬಾಡಿಗೆ ಕೇಳಿ, ಎಸ್ಟಿಮೇಟಿನಲ್ಲಿ ಒಂದು ಸಾಲಾಗಿ ಬರೆಸಿ. ಮನೆಯ ಒಟ್ಟು ಖರ್ಚಿನ ಎದುರು ಅದು ಸಣ್ಣ ಮೊತ್ತ. ಆದರೆ ಬರೆಯದಿದ್ದರೆ ಯಾರೂ ಕೊಡುವುದಿಲ್ಲ.

ಹಂತ 2: ಕರಾರಿನಲ್ಲಿ ಬರೆಸಿ

ಲೇಬರ್ ಕಾಂಟ್ರಾಕ್ಟ್ ಕೊಟ್ಟು ಸಾಮಾನು ನೀವೇ ತಂದು ಹಾಕುತ್ತೀರಾದರೆ, ಬೇರೆ ಮಾತಾಗದ ಹೊರತು ಕಸ ನಿಮ್ಮ ತಲೆಗೇ ಬರುತ್ತದೆ. ಸಾಮಾನು ಸಮೇತ ಕೊಟ್ಟಿದ್ದರೆ ಕಂಟ್ರಾಕ್ಟರಿಗೆ ಹೊಣೆ ಹೊರಿಸುವುದು ಸುಲಭ. ಎರಡರಲ್ಲೂ ಬಾಯಿಮಾತು ಸಾಲದು. ಹೆಚ್ಚುಕಡಿಮೆ ಹೀಗೆ ಬರೆಸಬಹುದು:

"ಕೆಲಸದ ಜಾಗದ ಎಲ್ಲ ತ್ಯಾಜ್ಯವನ್ನು (1) ಕಾಂಕ್ರೀಟು, (2) ಮಣ್ಣು, (3) ಕಬ್ಬಿಣ, ಮರ, ಪ್ಲಾಸ್ಟಿಕ್, (4) ಕಲ್ಲು ಮತ್ತು ಗಾರೆ ಎಂದು ಬೇರ್ಪಡಿಸಿ ಗುರುತಿಸಿದ ಮೂಲೆಯಲ್ಲಿ ಇಡತಕ್ಕದ್ದು. ಯಾವ ತ್ಯಾಜ್ಯವನ್ನೂ ನಿವೇಶನದೊಳಗೆ ಹೂಳತಕ್ಕದ್ದಲ್ಲ, ಸುಡತಕ್ಕದ್ದಲ್ಲ, ರಸ್ತೆ, ಚರಂಡಿ, ತೋಡು ಅಥವಾ ಪರರ ಜಾಗದಲ್ಲಿ ಹಾಕತಕ್ಕದ್ದಲ್ಲ. ಪ್ರತಿ ಹಂತದ ತ್ಯಾಜ್ಯ ಸಾಗಿಸಿದ ನಂತರವೇ ಆ ಹಂತದ ಕಂತು ಪಾವತಿಯಾಗತಕ್ಕದ್ದು. ತಪ್ಪಿದಲ್ಲಿ ಮಾಲೀಕರು ತಾವೇ ಸಾಗಿಸಿ ತಗಲಿದ ಖರ್ಚನ್ನು ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಒಟ್ಟು ಮೊತ್ತದ ಶೇಕಡಾ 5ನ್ನು ಅಂತಿಮ ತಪಾಸಣೆಯವರೆಗೆ ತಡೆಹಿಡಿಯಲಾಗುವುದು."

ಮೇಲಿನ ನಾಲ್ಕು ವಿಂಗಡಣೆಯನ್ನು 2016ರ ಮಾರ್ಚಿನ ಕೇಂದ್ರದ ನಿರ್ಮಾಣ ತ್ಯಾಜ್ಯ ನಿಯಮಗಳಿಂದ ತೆಗೆದುಕೊಂಡಿದ್ದೇನೆ. ಆ ನಿಯಮಗಳಲ್ಲಿ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರುವವರಿಗೆ ಹೀಗೆ ಬೇರ್ಪಡಿಸುವ, ಮೊದಲೇ ಯೋಜನೆ ಸಲ್ಲಿಸಿ ಒಪ್ಪಿಗೆ ಪಡೆಯುವ ಕಟ್ಟುಪಾಡಿತ್ತು. 2025ರಲ್ಲಿ ಪ್ರಕಟವಾಗಿ 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತುಮಾಡಿದ ಹೊಸ ನಿಯಮಗಳು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಯೋಜನೆಗಳ ಮೇಲೆ ಮರುಬಳಕೆಯ ಹೊಣೆ ಹೊರಿಸುತ್ತವೆ. ನಮ್ಮ ನಿಮ್ಮ ಮನೆಗಳು ಆ ಗಾತ್ರಕ್ಕೆ ಬರುವುದಿಲ್ಲ. ಹಾಗೆಂದು ರಸ್ತೆಗೂ ಚರಂಡಿಗೂ ಸುರಿಯಲು ಸಣ್ಣ ಮನೆಗೆ ರಿಯಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವೈರಿಂಗ್, ಪ್ಲಂಬಿಂಗ್, ಟೈಲ್ಸ್, ಬಣ್ಣದವರು ಬೇರೆ ಬೇರೆ ಬರುವುದಾದರೆ ಪ್ರತಿಯೊಬ್ಬರ ಕೊಟೇಶನ್ನಿನಲ್ಲೂ "ತಮ್ಮ ಕಸ ತಾವೇ" ಎಂದು ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಟೈಲ್ಸಿನವರು ಮೇಸ್ತ್ರಿಯನ್ನು, ಮೇಸ್ತ್ರಿ ಪ್ಲಂಬರನ್ನು ತೋರಿಸುತ್ತಾರೆ.

ಹಂತ 3: ಹಳೆ ಮನೆ ಇದ್ದರೆ ಕೆಡವಬೇಡಿ, ಬಿಚ್ಚಿಸಿ

ಜೆಸಿಬಿ ಒಂದೇ ದಿನದಲ್ಲಿ ಎಲ್ಲವನ್ನೂ ಪುಡಿ ಮಾಡುತ್ತದೆ, ಆಮೇಲೆ ಅದೆಲ್ಲ ಬರೀ ಕಸ. ಕೈಯಲ್ಲಿ ಬಿಚ್ಚಿಸಿದರೆ ಕೆಲವು ದಿನ ಹೆಚ್ಚು ಹಿಡಿಯುತ್ತದೆ, ಆದರೆ ಬಹುಪಾಲು ಸಾಮಾನು ಮಾರಾಟಕ್ಕೆ ಬರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮಾಡುಗಳೆಲ್ಲ ಹಂಚಿನವೇ ಆದವು. ಆ ಹಳೆ ಹಂಚಿಗೆ ಇಂದೂ ಕೇಳುವವರಿದ್ದಾರೆ. ಹಲಸು, ಬೋಗಿ, ಸಾಗುವಾನಿಯ ಪಕ್ಕಾಸು, ರೀಪು, ಬಾಗಿಲು, ದಾರಂದಗಳಿಗೂ ಗಿರಾಕಿ ಇದ್ದಾರೆ. ಇಡಿಯಾಗಿ ಬಂದ ಕೆಂಪುಕಲ್ಲು ನಿಮ್ಮದೇ ಕಂಪೌಂಡಿಗೆ ಸಾಕಾಗಬಹುದು. ಒಡೆದ ಕಲ್ಲು, ಕಾಂಕ್ರೀಟಿನ ಚೂರು ಗೇಟಿನ ದಾರಿಯ ತಳಕ್ಕೆ ಆಗುತ್ತದೆ. ಪುಡಿಮಾಡಿದ ಹಳೆ ಕಾಂಕ್ರೀಟನ್ನು ಜಲ್ಲಿಯಾಗಿ ಮಿತಿಯಲ್ಲಿ ಬಳಸಲು ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯೇ ಒಪ್ಪಿದೆ. ಆದರೆ ಅದನ್ನು ಪರೀಕ್ಷಿಸಿ, ಜಾಲಿಸಿ ಬಳಸಬೇಕಾದ್ದರಿಂದ ಮನೆಯ ಸ್ಲ್ಯಾಬಿಗೆ ಆ ಪ್ರಯೋಗ ಬೇಡ.

ಒಂದರ ಬಗ್ಗೆ ಮಾತ್ರ ತುಂಬ ಜಾಗ್ರತೆ ಬೇಕು. ಹಿತ್ತಲಿನ ಬಚ್ಚಲು, ಕೊಟ್ಟಿಗೆ, ಕಾರ್ ಶೆಡ್ಡಿಗೆ ಹಾಕಿದ ಹಳೆ ಬೂದು ಸಿಮೆಂಟ್ ಶೀಟುಗಳಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ಇರುತ್ತದೆ. ಒಡೆದರೆ, ಕತ್ತರಿಸಿದರೆ ಏಳುವ ಕಣ್ಣಿಗೆ ಕಾಣದ ನಾರು ಶ್ವಾಸಕೋಶದಲ್ಲಿ ಉಳಿದು ವರ್ಷಗಳ ಮೇಲೆ ಕಾಯಿಲೆ ತರುತ್ತದೆ, ಕ್ಯಾನ್ಸರನ್ನೂ ತರಬಲ್ಲದು. ನೀರು ಹಾಯಿಸಿ ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡಿಯಾಗಿಯೇ ಕೆಳಗಿಳಿಸಿ, ದಪ್ಪ ಪ್ಲಾಸ್ಟಿಕಿನಲ್ಲಿ ಸುತ್ತಿಡಿ. ಎಲ್ಲಿಗೆ ಕಳಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ. ಬಿಚ್ಚುವವರಿಗೆ ಒಳ್ಳೆಯ ಮಾಸ್ಕ್ ಕೊಡುವುದು ನಿಮ್ಮ ಕರ್ತವ್ಯ.

ಹಂತ 4: ಕೆಲಸ ಶುರುವಾಗುವ ಮೊದಲ ವಾರ

ಬಾವಿಯ ಬಾಯಿ ಮುಚ್ಚಿಸಿ. ಬಲೆ ಸಾಲದು, ಶೀಟು ಅಥವಾ ಹಲಗೆಯ ಮೇಲೆ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಬೇಕು. ಕಟ್ಟೆ ಇಲ್ಲದ ಬಾವಿಯಾದರೆ ಸುತ್ತ ಎರಡು ವರಿ ಕಲ್ಲಾದರೂ ಇಡಿಸಿ, ಇಲ್ಲದಿದ್ದರೆ ಮಳೆಗೆ ಸಿಮೆಂಟ್ ನೀರು ನೇರ ಒಳಗೆ.

ಅಂಗಳದ ಮೇಲ್ಮಣ್ಣನ್ನು ಅರ್ಧ ಅಡಿ ಕೆರೆಸಿ ಒಂದು ಮೂಲೆಯಲ್ಲಿ ರಾಶಿ ಹಾಕಿ ಮುಚ್ಚಿಡಿ. ಕೆಲಸ ಮುಗಿದ ಮೇಲೆ ಹೂಗಿಡಕ್ಕೂ ತರಕಾರಿಗೂ ಅದಕ್ಕಿಂತ ಒಳ್ಳೆಯ ಮಣ್ಣು ಲೋಡಿನಲ್ಲಿ ಬರುವುದಿಲ್ಲ.

ಆಮೇಲೆ ತೊಳೆಯುವ ಜಾಗ. ಕರಾರು ಬಿಟ್ಟು ಈ ಬರಹದಲ್ಲಿ ಇನ್ನೊಂದನ್ನೇ ಮಾಡುತ್ತೀರಾದರೆ ಇದನ್ನು ಮಾಡಿ. ಮಿಕ್ಸರ್, ಬಾಂಡ್ಲಿ, ಕರಣೆ ತೊಳೆದ ನೀರು ದಿನವೂ ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿ. ಬಾವಿ, ಇಂಗುಗುಂಡಿ, ಮರದ ಬುಡ ಮೂರರಿಂದಲೂ ದೂರ, ಇಳಿಜಾರಿನ ಕೆಳಬದಿಗೆ, ನಾಲ್ಕಡಿ ಉದ್ದಗಲ, ಎರಡಡಿ ಆಳದ ಗುಂಡಿ ತೋಡಿಸಿ ದಪ್ಪ ಪ್ಲಾಸ್ಟಿಕ್ ಹಾಸಿ. ತೊಳೆದ ನೀರು ಅದರಲ್ಲೇ ನಿಂತು, ಸಿಮೆಂಟ್ ಅಡಿಗಿಳಿದು, ನೀರು ಆರಿದ ಮೇಲೆ ಗಟ್ಟಿಯಾದದ್ದನ್ನು ಕಿತ್ತು ಕಾಂಕ್ರೀಟಿನ ರಾಶಿಗೆ ಹಾಕಬಹುದು. ಹೊಸ ಇಂಗುಗುಂಡಿಗೆ ಸಿಮೆಂಟ್ ನೀರು ಬಿಟ್ಟರೆ ಅದರ ರಂಧ್ರಗಳೆಲ್ಲ ಮುಚ್ಚಿ, ಒಕ್ಕಲಾದ ಮೊದಲ ಮಳೆಗಾಲದಲ್ಲೇ ಬಚ್ಚಲ ನೀರು ಮೇಲೆ ಬರುತ್ತದೆ.

ರಾಶಿಗಳ ಜಾಗ ನಾಲ್ಕು ಗೂಟ, ಒಂದು ಹಗ್ಗದಲ್ಲಿ ಮುಗಿಯುವ ಕೆಲಸ. ಹೆಸರು ಬರೆದ ಹಲಗೆಗಿಂತ ಪ್ರತಿ ಮೂಲೆಯಲ್ಲೂ ಆಯಾ ಸಾಮಾನಿನ ಒಂದು ತುಂಡು ಇಟ್ಟು ತೋರಿಸಿ. ಕೆಲಸಕ್ಕೆ ಬರುವವರಲ್ಲಿ ಬಯಲುಸೀಮೆಯವರೂ ಇರುತ್ತಾರೆ, ಬಿಹಾರ, ಬಂಗಾಳದವರೂ ಇರುತ್ತಾರೆ.

ಜಾಗದಲ್ಲೇ ಶೆಡ್ ಹಾಕಿ ಉಳಿಯುವ ಕೆಲಸದವರಿದ್ದರೆ ಅವರಿಗೆ ಪಾಯಿಖಾನೆ, ಕುಡಿಯುವ ನೀರು, ಹಸಿ ಒಣ ಕಸಕ್ಕೆ ಎರಡು ಬಕೆಟ್ ಕಂಟ್ರಾಕ್ಟರಿನಿಂದ ಕೊಡಿಸಿ, ಮನೆಮನೆ ಕಸದ ಗಾಡಿಯವರಿಗೆ ಹೇಳಿಡಿ. ಯಾರೂ ಬಕೆಟ್ ಕೊಡದೆ, ಎಲ್ಲಿ ಹಾಕಬೇಕೆಂದು ಹೇಳದೆ, ಆಮೇಲೆ ಅವರನ್ನು ಗದರುವುದು ನ್ಯಾಯವಲ್ಲ.

ಹಂತ 5: ಕೆಲಸ ನಡೆಯುವಾಗ ಏನನ್ನು ನೋಡಬೇಕು

ಪಂಚಾಂಗದ ಹೊತ್ತಿಗೆ, ಒಳಗೆ ತುಂಬುವ ಮಣ್ಣಿನ ಮೇಲೆ ಕಣ್ಣಿಡಿ. ಚೀಲ, ಪ್ಲಾಸ್ಟಿಕ್, ಮರದ ಚೂರು, ಎಳನೀರು ಬೊಂಡ ಎಲ್ಲ ಸೇರಿಸಿ ತುಂಬಿದರೆ ಕೆಲವು ವರ್ಷಗಳಲ್ಲಿ ನೆಲ ಕುಸಿದು ಟೈಲ್ಸ್ ಟೊಳ್ಳು ಸದ್ದು ಮಾಡುತ್ತದೆ. ತುಂಬುವ ದಿನ ನೀವೋ ಮನೆಯವರೊಬ್ಬರೋ ಅಲ್ಲೇ ಇರಿ. ಊರಲ್ಲಿ ಇರದವರು, ದುಬೈ, ಬೆಂಗಳೂರಿನಿಂದ ಕಟ್ಟಿಸುವವರು, ಆ ದಿನದ ವಿಡಿಯೋ ಬೇಕೆಂದು ಮೊದಲೇ ಹೇಳಿಡಿ.

ಸ್ಲ್ಯಾಬ್ ಬಿಚ್ಚಿದ ದಿನ ಮೊಳೆ ಸಮೇತ ಹಲಗೆ ಚೂರುಗಳು ಹರಡಿ ಬಿದ್ದಿರುತ್ತವೆ. ಅವನ್ನು ಅಂದೇ ಹೆಕ್ಕಿಸಿ. ಕಬ್ಬಿಣದ ತುಂಡು, ಬೈಂಡಿಂಗ್ ತಂತಿ, ಸಿಮೆಂಟ್ ಚೀಲಕ್ಕೆ ಗುಜರಿಯಲ್ಲಿ ಬೆಲೆ ಇದೆ. ಆ ದುಡ್ಡನ್ನು ಹೆಕ್ಕಿದ ಕೆಲಸದವರಿಗೇ ಬಿಟ್ಟುಕೊಡಿ, ಜಾಗ ತನ್ನಿಂತಾನೇ ಶುದ್ಧವಾಗುತ್ತದೆ.

ಸಾರಣೆಯ ಹೊತ್ತಿಗೆ ಗೋಡೆಯಿಂದ ಉದುರುವ ಗಾರೆಯೇ ದೊಡ್ಡ ಕಸ. ಕೆಳಗೆ ಹಲಗೆಯನ್ನೋ ಶೀಟನ್ನೋ ಹಾಸಿದರೆ ಬಿದ್ದದ್ದನ್ನು ಅರ್ಧ ಗಂಟೆಯೊಳಗೆ ಎತ್ತಿ ಮತ್ತೆ ಬಳಸಬಹುದು, ಸಿಮೆಂಟೂ ಉಳಿಯುತ್ತದೆ.

ಪ್ಲಂಬಿಂಗ್ ಮುಗಿದದ್ದೇ ತಡ, ಪ್ರತಿ ಪೈಪಿನ ಬಾಯಿಗೂ ಮುಚ್ಚಳ ಹಾಕಿಸಿ. ಪ್ಲಾಸ್ಟಿಕ್ ಕಾಗದ ತುರುಕಿದರೆ ಅದೇ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಟೈಲ್ಸಿನವರು ಗ್ರೌಟ್ ಬೆರೆಸಿದ ಬಕೆಟನ್ನು ಬಚ್ಚಲಿನ ಟ್ರ್ಯಾಪಿನಲ್ಲೇ ತೊಳೆಯುವುದು ಎಲ್ಲೆಡೆ ಇರುವ ಚಾಳಿ. ಆ ಸಿಮೆಂಟ್ ಪೈಪಿನ ಬಾಗಿನಲ್ಲಿ ಕಲ್ಲಾಗುತ್ತದೆ, ಆಮೇಲೆ ಟೈಲ್ಸ್ ಒಡೆಯದೆ ದಾರಿ ಇಲ್ಲ. ಟೈಲ್ಸ್ ಕೂರಿಸುವ ಮೊದಲು ಒಮ್ಮೆ, ಕೂರಿಸಿದ ಮೇಲೆ ಇನ್ನೊಮ್ಮೆ, ಪ್ರತಿ ಬಚ್ಚಲಿಗೂ ಎರಡು ಕೊಡ ನೀರು ಒಮ್ಮೆಗೇ ಸುರಿದು ಹೊರಗಿನ ಚೇಂಬರಿನಲ್ಲಿ ಅದು ರಭಸದಿಂದ ಬರುತ್ತದೆಯೇ ನೋಡಿ. ಟೈಲ್ಸಿನವರ ಹಣ ಕೊಡುವುದು ಎರಡನೆಯ ಪರೀಕ್ಷೆ ಆದ ಮೇಲೆ.

ಬಣ್ಣದವರ ತಿನ್ನರ್, ವಾರ್ನಿಷ್, ನೆಲ ತೊಳೆಯುವ ಆಸಿಡ್ ಯಾವುದೂ ಮಣ್ಣಿಗೆ ಬೀಳಬಾರದು. ಉಳಿದ ಬಣ್ಣವನ್ನು ಮುಚ್ಚಿಟ್ಟು ಮುಂದಿನ ಟಚಪ್ಪಿಗೆ ಬಳಸಿ. ಪೈಪಿನ ತುಂಡು, ವೈರಿನ ಸಿಪ್ಪೆ, ಥರ್ಮೋಕೋಲ್ ಸೇರಿಸಿ ಸಂಜೆ ಬೆಂಕಿ ಹಾಕುವುದನ್ನು ಮೊದಲ ದಿನವೇ ತಡೆಯಿರಿ. ಪಿವಿಸಿ ಉರಿದರೆ ಬರುವುದು ವಿಷದ ಹೊಗೆ.

ವಾರಕ್ಕೊಮ್ಮೆ, ಶನಿವಾರ ಬಟವಾಡೆಯ ಮೊದಲು, ಜಾಗಕ್ಕೆ ಒಂದು ಸುತ್ತು ಹಾಕಿ ನಾಲ್ಕು ಮೂಲೆಯ ಫೋಟೊ ತೆಗೆಯಿರಿ. ನಿಂತ ನೀರೆಲ್ಲ ಚೆಲ್ಲಿಸಿ. "ಮೇಸ್ತ್ರಿಯವರೇ, ಆ ರಾಶಿ ಒಮ್ಮೆ ಹೋಗಲಿ, ಮತ್ತೆ ಲೆಕ್ಕ ಮಾಡುವ" ಎಂದು ಸಮಾಧಾನದಲ್ಲೇ ಹೇಳಿದರೆ ಸಾಕು. ಮೊದಲ ಎರಡು ವಾರ ಬಿಗಿ ಹಿಡಿದರೆ ಮೂರನೆಯ ವಾರದಿಂದ ಅವರೇ ಮಾಡಿಸುತ್ತಾರೆ.

ಮೇ 15ನ್ನು ಗಡುವು ಎಂದು ಇಟ್ಟುಕೊಳ್ಳಿ. ಅಷ್ಟರೊಳಗೆ ಹೊರಗಿನ ರಾಶಿ ಎಲ್ಲ ಸಾಗಿರಬೇಕು, ಉಳಿದ ಹೊಯಿಗೆ, ಜಲ್ಲಿಗೆ ಸುತ್ತ ಕಲ್ಲಿನ ಅಡ್ಡ ಇರಬೇಕು, ರಸ್ತೆಬದಿಯ ಚರಂಡಿ ನಿಮ್ಮ ಗೇಟಿನ ಎದುರು ತೆರೆದಿರಬೇಕು.

ಹಂತ 6: ಎಲ್ಲಿಗೆ ಕಳಿಸುವುದು

ಪಚ್ಚನಾಡಿಗೋ ಅಲೆವೂರಿಗೋ ಹೋಗುವ ಊರ ಕಸದ ಜೊತೆ ಕಲ್ಲುಮಣ್ಣನ್ನು ಸೇರಿಸಬಾರದು. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ರಾಶಿ ಮಳೆಗೆ ಜಾರಿ ಮಂದಾರದ ಮನೆ, ತೋಟಗಳನ್ನು ನುಂಗಿದ್ದನ್ನು ನೋಡಿದ ಊರು ನಮ್ಮದು. ಪಾಲಿಕೆ, ನಗರಸಭೆ ಅಥವಾ ಪಂಚಾಯತಿಗೆ ಹೋಗಿ ಕಟ್ಟಡ ತ್ಯಾಜ್ಯಕ್ಕೆ ಗುರುತಿಸಿದ ಜಾಗ ಯಾವುದೆಂದು ಕೇಳಿ. ಬಾಯಿಮಾತಿನ ಉತ್ತರ ಸಿಕ್ಕರೆ ಅರ್ಜಿ ಬರೆದು ಸ್ವೀಕೃತಿ ತೆಗೆದುಕೊಳ್ಳಿ.

"ನಮ್ಮ ಜಾಗ ತಗ್ಗಿದೆ, ಅಲ್ಲಿಗೇ ಹಾಕಿ" ಎನ್ನುವವರು ಯಾವಾಗಲೂ ಸಿಗುತ್ತಾರೆ. ಒಳ್ಳೆಯದೇ, ಆದರೆ ಮಣ್ಣು ಮತ್ತು ಕಲ್ಲು ಮಾತ್ರ ಕೊಡಿ, ಜಾಗದ ಮಾಲೀಕರ ಸಹಿ ಇರುವ ಒಪ್ಪಿಗೆ ಚೀಟಿ ತೆಗೆದುಕೊಳ್ಳಿ. ಗದ್ದೆ, ಬೈಲು, ತೋಡಿನ ದಂಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಹಿನ್ನೀರ ಬದಿಗೆ ಯಾರು ಕರೆದರೂ ಬೇಡ. ನೇತ್ರಾವತಿ, ಫಲ್ಗುಣಿ, ಸ್ವರ್ಣಾ ನದಿಗಳ ದಡಗಳಿಗೆ ಕರಾವಳಿ ನಿಯಂತ್ರಣ ವಲಯದ ಕಟ್ಟುಪಾಡು ಬೇರೆ ಇದೆ. ಲೋಡು ಹೊರಟಾಗ ಗಾಡಿಯ ನಂಬರ್ ಕಾಣುವಂತೆ ಒಂದು ಫೋಟೊ, ಇಳಿಸಿದ ಜಾಗದಲ್ಲಿ ಇನ್ನೊಂದು ಫೋಟೊ ತರಿಸಿ, ಆಮೇಲೆ ಬಾಡಿಗೆ ಕೊಡಿ. ನಡುದಾರಿಯಲ್ಲಿ ಹೆದ್ದಾರಿ ಬದಿಗೆ ಸುರಿದು ಬರುವುದನ್ನು ತಡೆಯಲು ಇದಕ್ಕಿಂತ ಸುಲಭದ ಉಪಾಯ ಬೇರೆ ಇಲ್ಲ.

ಹಂತ 7: ಕೊನೆಯ ಕಂತಿನ ಮೊದಲು

ಅಂಗಳಕ್ಕೆ ಇಂಟರ್‌ಲಾಕ್ ಹಾಸುವ, ಕೆಂಪುಮಣ್ಣು ಹರಡುವ ಮೊದಲು ನಾಲ್ಕೈದು ಕಡೆ ಎರಡಡಿ ಗುಂಡಿ ತೋಡಿಸಿ ನೋಡಿ: ಮಿಕ್ಸರ್ ಇಟ್ಟ ಜಾಗ, ಹಿಂಬದಿ ಕಂಪೌಂಡಿನ ಬುಡ, ಸೆಪ್ಟಿಕ್ ಟ್ಯಾಂಕಿನ ಸುತ್ತ, ಶೆಡ್ ಇದ್ದ ಜಾಗ. ಕಸ ಸಿಕ್ಕರೆ ಫೋಟೊ ತೆಗೆದು ಕಂಟ್ರಾಕ್ಟರನ್ನು ಕರೆಸಿ, ಅಲ್ಲೇ ತೋರಿಸಿ, ತೆಗೆಸಿ. ತಡೆಹಿಡಿದ ಶೇಕಡಾ 5 ಆ ಹೊತ್ತಿನ ನಿಮ್ಮ ಬಲ. ಅವರು ಕೇಳದಿದ್ದರೆ ದಿನ ಗೊತ್ತುಮಾಡಿ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ಆಮೇಲೆ ನೀವೇ ತೆಗೆಸಿ ರಶೀದಿ ಸಮೇತ ಮುರಿದುಕೊಳ್ಳಿ. ಅದಕ್ಕೂ ಮೀರಿದ ನಷ್ಟವಾದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಒಂದು ಸೇವೆ. ಬಾವಿ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡಿ.

ಪಕ್ಕದ ಜಾಗದ ಬಿಲ್ಡರ್ ನಿಮ್ಮ ಕಡೆಗೆ ಸುರಿಯುತ್ತಿದ್ದರೆ

ಮೊದಲು ಜಾಗದ ಮಾಲೀಕರ ಹತ್ತಿರ ಮಾತಾಡಿ. ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ. ಮಾತಿಗೆ ಬಗ್ಗದಿದ್ದರೆ ದಿನಾಂಕ ಬರುವಂತೆ ಫೋಟೊ ತೆಗೆದು, ಸರ್ವೆ ನಂಬರ್ ಅಥವಾ ಡೋರ್ ನಂಬರ್ ಬರೆದು, ಪಾಲಿಕೆ ಆಯುಕ್ತರಿಗೆ, ನಗರಸಭೆ ಪೌರಾಯುಕ್ತರಿಗೆ ಅಥವಾ ಪಿಡಿಒಗೆ ಲಿಖಿತ ದೂರು ಕೊಡಿ. ಮನೆ ಕಟ್ಟುವ ಪರವಾನಿಗೆಯ ಷರತ್ತುಗಳ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಉತ್ತರ ಬರದೆ ಕುಳಿತ ದೂರನ್ನು ರಾಜ್ಯದ 1902 ಸಹಾಯವಾಣಿಯಲ್ಲಿ ದಾಖಲಿಸಿ ನಂಬರ್ ಪಡೆಯಿರಿ. ಬಾವಿಗೆ, ತೋಡಿಗೆ ಹಾನಿಯಾಗುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಪ್ರತಿ ಹೋಗಲಿ.

ತೋಡು ಮುಚ್ಚಿ ಮಳೆಗಾಲ ಹತ್ತಿರವಾದಾಗ ಕಾಯಲು ಸಮಯ ಇರುವುದಿಲ್ಲ. ಆಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನ ಕೆಳಗೆ ಉಪವಿಭಾಗದ ಸಹಾಯಕ ಆಯುಕ್ತರಿಗೆ ಅರ್ಜಿ ಕೊಡಬಹುದು. ಸಾರ್ವಜನಿಕ ದಾರಿಗೆ, ನೀರಿನ ಹರಿವಿಗೆ ಆದ ಅಡ್ಡಿಯನ್ನು ತೆಗೆಸಲು ಆದೇಶಿಸುವ ಅಧಿಕಾರ ಅವರಿಗಿದೆ. ಮೊದಲು ಇದು ಸಿಆರ್‌ಪಿಸಿ 133 ಆಗಿತ್ತು. ಮಂಗಳೂರಿನವರು ಮಂಗಳೂರು ಉಪವಿಭಾಗಕ್ಕೆ, ಉಡುಪಿ ಜಿಲ್ಲೆಯವರು ಕುಂದಾಪುರ ಉಪವಿಭಾಗಕ್ಕೆ ಹೋಗಬೇಕು. ಒಬ್ಬರೇ ಹೋಗಬೇಡಿ. ಆ ತೋಡಿನ ನೀರು ಹಾದುಹೋಗುವ ನಾಲ್ಕೈದು ಮನೆಯವರ ಸಹಿ ಹಾಕಿಸಿ, ಹಿಂದಿನ ದೂರುಗಳ ಸ್ವೀಕೃತಿ ಪ್ರತಿಗಳನ್ನು ಅರ್ಜಿಗೆ ಲಗತ್ತಿಸಿ, ಏಪ್ರಿಲ್ ಮುಗಿಯುವ ಮೊದಲೇ ಕೊಡಿ.